ಕಮಾವು ಕೊಟ್ಟ ಉತ್ತರ

ಹೆಬ್ಬಾಳ
೧೯-೧-೧೯೬೪

ಪ್ರೀತಿಯ ಮಗಳು ಅಂಜಿನಮ್ಮನಿಗೆ ನಿನ್ನ ತಾಯಿ ಸೊಣ್ಣಮ್ಮ ತಲೆ ಸವರಿ ಬರೆಯುವುದು.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ತಡವಾಯಿತೆಂದು ಕೋಪ ಮಾಡಿಕೊಳ್ಳಬೇಡ. ಯಾವಾಗಲೂ ನಾನು ಹೇಳುತ್ತಿದ್ದೆ, ನಿಮ್ಮಪ್ಪ ಬರೆಯುತ್ತಿದ್ದರು. ಈ ಸಲ ನಾನೇ ಬರೆಯುತ್ತೇನೆಂದು ಹಟ ಹಿಡಿದು ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಿನ್ನ ಶಾಲೆಯ ಮಕ್ಕಳು ಬರೆದದ್ದೆಂದು ತಿಳಿದು ಓದಿಕೋ.

ಚಿಂತಾಮಣಿಯಲ್ಲಿ ಚಳಿ ಜಾಸ್ತಿಯಂತೆ. ನಿನ್ನ ಕೆಮ್ಮು ಬಿಟ್ಟಿತೇ? ನಿನ್ನ ತಮ್ಮ ಮುನಿಶಾಮಿಗೆ ಜಾಲಹಳ್ಳಿ ಕಾರ್ಖಾನೆಯಲ್ಲಿ ಕೆಲಸ ಕಾಯಂ ಆಯಿತು. ಹೋದ ವಾರ ಹಸು ಈಯಿತು, ಹೆಣ್ಣುಕರು. ಸಂಕ್ರಾಂತಿಗೆ ಈ ಸಲವೂ ನೀನು ಬರಲಿಲ್ಲ. ನಾಲ್ಕು ಹಬ್ಬವಾಯಿತು. ರಜ ಸಿಗುವುದಿಲ್ಲವೆಂದು ಬರೆದಿದ್ದೀಯ. ಹಬ್ಬಕ್ಕೆ ಯಾವ ಶಾಲೆಯೂ ಬಾಗಿಲು ತೆಗೆದಿರುವುದಿಲ್ಲವೆಂದು ನನಗೂ ಗೊತ್ತು.

ಹಬ್ಬದ ಹಿಂದಿನ ಸಂಜೆ ನಡೆದದ್ದನ್ನು ನಿನಗೆ ಹೇಳಬೇಕು. ಪ್ರತಿ ವರ್ಷದಂತೆ ನಮ್ಮ ಅಂಗಳದಲ್ಲಿ ಕೇರಿಯವರೆಲ್ಲ ಸೇರಿದ್ದರು. ನೆನೆಸಿದ ಅವರೆಕಾಳನ್ನು ಮಧ್ಯೆ ಸುರಿದುಕೊಂಡು, ಸುತ್ತ ಕೂತು, ಮಾತಾಡುತ್ತಾ ಸಿಪ್ಪೆಯಿಂದ ಬೇಳೆ ಹಿದುಕುತ್ತಿದ್ದೆವು. ಅಷ್ಟು ಹೊತ್ತಿಗೆ ನಿಮ್ಮಪ್ಪ ಒಬ್ಬ ಹುಡುಗನನ್ನು ಕರೆದುಕೊಂಡು ಬಂದರು. ಅವನ ಹೆಸರು ಕಮಾವು. ಆಫ್ರಿಕಾದ ಕೀನ್ಯಾ ದೇಶದವನು. ಎರಡು ದೇಶದವರೂ ವಿದ್ಯಾರ್ಥಿಗಳನ್ನು ಕಳಿಸಿ ಕರೆಸಿಕೊಳ್ಳುವ ಏರ್ಪಾಡಂತೆ. ಹಾಗೆ ಬಂದು ಇಲ್ಲಿನ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಾನೆ. ನಿಮ್ಮಪ್ಪ ಅಲ್ಲಿನ ತೋಟದಲ್ಲಿ ಮೇಸ್ತ್ರಿಯಲ್ಲವೇ, ಸಸಿಮಡಿ ಮಾಡುವುದನ್ನು ಅವನಿಗೆ ಕಲಿಸಿದವರು ಇವರೇ. ಹಾಸ್ಟೆಲಿನವರೆಲ್ಲ ಹಬ್ಬಕ್ಕೆ ಊರಿಗೆ ಹೋಗಿ ಇವನೊಬ್ಬನೇ ಉಳಿದಿದ್ದನೆಂದು ಮನೆಗೆ ಕರೆತಂದರು.

ಆಳು ಎತ್ತರ. ಬಾಗಿಲ ತೋರಣ ಹಣೆಗೆ ತಗಲುವಷ್ಟು. ಬಣ್ಣ ಒಳ್ಳೆ ನೇರಳೆಹಣ್ಣು. ಎಲ್ಲರೂ ಕೈ ನಿಲ್ಲಿಸಿ ಅವನನ್ನೇ ನೋಡಿದರು. ಅವನು ಕೈ ಮುಗಿದು ನಿಂತೇ ಇದ್ದ. ಆಗ ನಿನ್ನ ದೊಡ್ಡಪ್ಪ ದೊಡ್ಡಮುನಿಯಪ್ಪ ಬಾಯಿ ಬಿಟ್ಟರು.

"ಏನಪ್ಪಾ, ನಿಮ್ಮೂರ್ನಾಗೆ ಸೋಪು ಸಿಗಾಕಿಲ್ವಾ? ಇಂಗೇ ಬುಟ್ಬುಟ್ಟವ್ರಲ್ಲ ನಿನ್ನ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ, ಆದರೆ ಬಾಯಿಯನ್ನೂ ಬಿಡಲಿಲ್ಲ. ಹುಡುಗ ನನ್ನ ಕಡೆ ತಿರುಗಿ, "ಅಮ್ಮ, ಅವರು ಏನು ಹೇಳಿದರು?" ಎಂದು ಕೇಳಿದ. ಪುಸ್ತಕದಲ್ಲಿ ಇರುವ ಹಾಗೆ ಬಿಡಿಸಿ ಬಿಡಿಸಿ ಮಾತಾಡುತ್ತಾನೆ.

"ಬಾಪ್ಪ, ಕೂತ್ಕೋ ಅಂದ್ರು ಕಣಪ್ಪ," ಎಂದೆ.

ಅವನು ಮೆಲ್ಲಗೆ ಹೇಳಿದ: "ಅಮ್ಮ, ನಾನು ಬಂದು ಎರಡು ವರ್ಷವಾಯಿತು. ನನಗೆ ಅರ್ಥವಾಯಿತು. ನನಗೆ ನೋವಾಗಬಾರದು ಎಂದು ನೀವು ಹಾಗೆ ಹೇಳಿದಿರಿ. ಆದರೆ ನೀವು ಅದನ್ನು ಮುಚ್ಚಿಟ್ಟರೆ ನಾನು ಅವರಿಗೆ ಉತ್ತರ ಕೊಡುವುದು ಹೇಗೆ?"

ನನಗೆ ತಲೆ ಎತ್ತಲಾಗಲಿಲ್ಲ. ಅವನು ನೇರವಾಗಿ ದೊಡ್ಡಪ್ಪನ ಹತ್ತಿರ ಹೋಗಿ ಚಾಪೆಯ ಮೇಲೆ ಕೂತ.

"ಸೋಪು ಸಿಗುತ್ತದೆ ದೊಡ್ಡಪ್ಪ. ದಿನವೂ ಹಚ್ಚುತ್ತೇನೆ. ಇದು ನನ್ನ ತಾಯಿಯ ಬಣ್ಣ. ಹೋಗುವುದಿಲ್ಲ."

ದೊಡ್ಡಪ್ಪ ಕೈಯಲ್ಲಿದ್ದ ಕಾಳನ್ನೇ ಹೊರಳಿಸುತ್ತಿದ್ದರು. ಕೊನೆಗೆ, "ತಾಯಿ ಅವ್ರೇನಪ್ಪ ಊರ್ನಾಗೆ?" ಎಂದು ಕೇಳಿದರು. ಧ್ವನಿ ಬದಲಾಗಿತ್ತು. ಇದ್ದಾರೆಂದ ಹುಡುಗ ಒಂದು ಹಿಡಿ ಕಾಳೆತ್ತಿಕೊಂಡು ಮೂಸಿ ನೋಡಿದ. ಇದೇ ಅವರೆ ಅವರ ಊರಲ್ಲೂ ಬೆಳೆಯುತ್ತದಂತೆ, ಅಲ್ಲಿನದು ಕಪ್ಪುಕಾಳು. ಬಾಣಂತಿಯರಿಗೆ ಅದನ್ನೇ ಬೇಯಿಸಿ ಕೊಡುತ್ತಾರಂತೆ. ಅವನ ಅಕ್ಕ ಹೆತ್ತಾಗ ಅವನ ತಾಯಿ ಹೀಗೇ ಹತ್ತು ಹೆಂಗಸರ ಜೊತೆ ಕೂತು ಕಾಳು ಬಿಡಿಸಿದ್ದರಂತೆ. ಹೋದ ತಿಂಗಳು ಅವನ ದೇಶಕ್ಕೆ ಸ್ವಾತಂತ್ರ್ಯ ಬಂತಂತೆ. ಆ ದಿನ ಊರಿಗೆ ಊರೇ ಕುಣಿಯುತ್ತಿರುವಾಗ ಇವನು ಇಲ್ಲಿ ಪರೀಕ್ಷೆ ಬರೆಯುತ್ತಿದ್ದನಂತೆ.

"ಅಂಗಲ್ಲ, ಇಂಗೆ ಇದುಕು," ಎಂದು ದೊಡ್ಡಪ್ಪ ಅವನ ಬೆರಳು ಹಿಡಿದು ತೋರಿಸಿಕೊಟ್ಟರು. ತಪ್ಪಾಯಿತೆಂದು ಮಾತ್ರ ಅನ್ನಲಿಲ್ಲ. ಅವರ ಸ್ವಭಾವ ನಿನಗೆ ಗೊತ್ತಲ್ಲ. ಹುಡುಗ ಹಿದುಕಿದ ಬೇಳೆ ಅರ್ಧಕ್ಕರ್ಧ ಹಾರಿ ನನ್ನ ಮಡಿಲಿಗೇ ಬೀಳುತ್ತಿತ್ತು. ಕೂತವರೆಲ್ಲ ಮತ್ತೆ ನಕ್ಕರು. ಈ ಸಲ ಅವನೂ ನಕ್ಕ. ಬೇಳೆ ಸಾರಿನಲ್ಲಿ ಎರಡು ಮುದ್ದೆ ಉಂಡು, ಹೊರಡುವಾಗ ನನ್ನ ಕಾಲಿಗೆ ನಮಸ್ಕರಿಸಿದ. ನಮ್ಮ ಪದ್ಧತಿಯನ್ನು ಯಾರು ಹೇಳಿಕೊಟ್ಟರೋ ಕಾಣೆ.

ಮುಚ್ಚಿಟ್ಟರೆ ಉತ್ತರ ಕೊಡುವುದು ಹೇಗೆಂದ ಅವನ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಕಾಗದ ಹಿಡಿದು ಕೂತದ್ದು ಅದಕ್ಕೇ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಯಲ್ಲಿ ಕಲಿತ ಮಕ್ಕಳು ನಿನ್ನ ಹೆಸರು ಹೇಳುವಂತಾಗಲಿ. ಎಲ್ಲಿದ್ದರೂ ನೆಮ್ಮದಿಯಾಗಿರು, ತಾಯಿ.

ನಿನ್ನ ಅಮ್ಮ
ಸೊಣ್ಣಮ್ಮ

ವಿ. ಸೂ. ಅಂಜಿನೀ, ಇದನ್ನು ಮೇಲೆಯೇ ಬರೆಯಬೇಕೆಂದಿದ್ದೆ, ಕೈ ಬರಲಿಲ್ಲ. ನಾಲ್ಕು ವರ್ಷದ ಕೆಳಗೆ ರಾಜಾನುಕುಂಟೆಯವರು ನಿನ್ನನ್ನು ನೋಡಲು ಬಂದಿದ್ದರಲ್ಲ, ಅವರು ನಿನ್ನನ್ನು ಬೇಡವೆನ್ನಲಿಲ್ಲ. "ಬಣ್ಣ ಕಮ್ಮಿ ಅಂದ್ರು" ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ನೀನು ಒಳಗೆ ಹೂ ಮುಡಿದು ಕೂತಿದ್ದೆ. ನಿಮ್ಮಪ್ಪ ಎಲೆಅಡಿಕೆ ತರಲು ಹೋಗಿದ್ದರು. ಹುಡುಗನ ತಾಯಿ "ಮಗೀನ ಕರೀರಮ್ಮ" ಎಂದರು. ನಿನ್ನನ್ನು ನೋಡಿದ ಮೇಲೆ ಅವರ ಮುಖ ಹೇಗಾಗುವುದೋ ಎಂದು ಹೆದರಿದೆ. ಮಗಳಿಗೆ ಓದಬೇಕಂತೆ, ಈಗ ಮದುವೆ ಬೇಡವಂತೆ ಎಂದುಬಿಟ್ಟೆ. ಅವರು ಎದ್ದರು. ಹೊಸಿಲು ದಾಟುವಾಗ ಆ ತಾಯಿ, "ನಮ್ಮ ಹುಡುಗ ಸ್ಕೂಲತ್ರ ನಿಮ್ಮ ಮಗಳನ್ನ ನೋಡಿ, ಒಪ್ಕೊಂಡೇ ನಮ್ಮನ್ನ ಕರ್ಕೊಂಡು ಬಂದಿದ್ದ ಕಣಮ್ಮ," ಎಂದರು. ಅವರು ಬೇಲಿ ದಾಟುವವರೆಗೂ ನೋಡುತ್ತಾ ನಿಂತೆ. ಕೂಗಿ ಕರೆಯಬಹುದಿತ್ತು. ನಾಚಿಕೆಯಾಗಿ ಕರೆಯಲಿಲ್ಲ. ನಿಮ್ಮಪ್ಪನಿಗೂ ಅದೇ ಸುಳ್ಳು ಹೇಳಿದ್ದೆ, ನಿನ್ನೆ ಅವರಿಗೆ ನಿಜ ಹೇಳಿದೆ. ನೀನು ಏನು ಬರೆದರೂ ಓದುತ್ತೇನೆ. ಆ ದಿನ ಹಸಿರು ಸೀರೆಯಲ್ಲಿ ನೀನು ಬಹಳ ಚೆನ್ನಾಗಿ ಕಾಣುತ್ತಿದ್ದೆ ಮಗಳೇ. ಅದನ್ನೂ ನಾನು ಹೇಳಲಿಲ್ಲ.