ಎಡಗಾಲಿನ ತಪ್ಪಲ್ಲ, ಮಾವ

ಮಾವ,

ನಿನಗೀಗ ವಿಳಾಸ ಇಲ್ಲ. ಸತ್ತವರು ಕಾಗದ ಓದುತ್ತಾರೆ ಅನ್ನೋದನ್ನು ನಾನು ನಂಬುವುದೂ ಇಲ್ಲ. ನಿನ್ನ ಕಾರ್ಯದ ದಿನವೇ ಎಡೆಯ ಮುಂದೆ ನಿಂತು ಅದನ್ನು ಹೇಳಿ ಅವ್ವನ ಕೈಲಿ ಬೈಸಿಕೊಂಡವನು ನಾನು. ಆದರೂ ಈ ಸುದ್ದಿಯನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ಜೀಪಿನ ವಿಷಯ. ಅದರಲ್ಲೂ ನನ್ನ ಎಡಗಾಲಿನ ವಿಷಯ.

ನ್ಯಾಮತಿಯ ನಿನ್ನ ಶೆಡ್ಡಿನಿಂದ ಆ ಬೆಳಿಗ್ಗೆ ನಾವಿಬ್ಬರೂ ಜಗಳೂರಿಗೆ ಹೊರಟಿದ್ದು ನೆನಪಿದೆಯಾ? ನೀನು ಆಗಲೇ ಸೊರಗಿ ಅರ್ಧ ಆಗಿದ್ದೆ. "ಅಕ್ಕನ್ನ ಒಂದ್ಸಲ ನೋಡ್ಕಂಡು ಬರ್ಬೇಕು ಕಣಲೇ" ಅಂದೆ. ಜಗಳೂರಿನ ದೊಡ್ಡಮ್ಮನಿಗೆ ಬಸ್ಸಿನ ಮೆಟ್ಟಿಲು ಹತ್ತಲು ಮಂಡಿ ಕೊಡುತ್ತಿರಲಿಲ್ಲ, ನಿನಗೆ ಸ್ಟೇರಿಂಗ್ ಹಿಡಿಯಲು ಕೈ ಕೊಡುತ್ತಿರಲಿಲ್ಲ. ಹಾಗಾಗಿ ಮಿಲಿಟರಿ ಹರಾಜಿನಲ್ಲಿ ತಂದ ಆ ಹಳೇ ಜೀಪನ್ನು ಮೊದಲ ಸಲ ಅಷ್ಟು ದೂರ ಓಡಿಸಲು ನನ್ನ ಕೈಗೆ ಕೊಟ್ಟೆ. ಹೊನ್ನಾಳಿಯ ಹೊಳೆ ದಾಟಿ ಒಂದು ಏರು ಹತ್ತುವಾಗ ಇಂಜಿನ್ ಕೂಗಿಕೊಂಡಿತು, ಜೀಪು ಮಾತ್ರ ಅಲ್ಲೇ ನಿಂತಿತು. ಸುಟ್ಟ ವಾಸನೆ ಬಂತು. ನೀನು ಟವೆಲ್ಲಿನಲ್ಲಿ ಮೂಗು ಮುಚ್ಚಿಕೊಂಡು ನಕ್ಕೆ.

"ಎಡ ಎಡ ಅಂತ ಓದಿ ಓದಿ ಎಡಗಾಲು ಎತ್ತಾಕೇ ಬರದಂಗೆ ಆಗೈತೆ ನಿನಗೆ. ಕ್ಲಚ್ ಮ್ಯಾಲೆ ಕಾಲಿಟ್ಟು ನಿದ್ದೆ ಹೊಡಿತೀಯೇನಲೇ ಕ್ರಾಂತಿಕಾರಿ?"

"ನಾನು ಕಾಲು ಇಟ್ಟಿರಲಿಲ್ಲ ಮಾವ."

"ಹಂಗಾದ್ರೆ ನಾನು ಇಟ್ಟಿದ್ದೆ. ತಿರುಗ್ಸು, ನಾಳೆ ಹೋಗಾನ."

ಸಪಾಟು ದಾರಿಯಲ್ಲಿ ತೆವಳುತ್ತಾ ವಾಪಸ್ ಬಂದೆವು. ಆ ನಾಳೆ ಬರಲಿಲ್ಲ. ಹದಿನೆಂಟನೆಯ ದಿನಕ್ಕೆ ನೀನು...

ನೀನು ತಮಾಷೆಗೆ ಅಂದ ಮಾತು ನನ್ನೊಳಗೆ ತಮಾಷೆಯಾಗಿ ಉಳಿಯಲಿಲ್ಲ, ಮಾವ. ನಮ್ಮ ಓದುಬಳಗದಲ್ಲಿ ಭಾನುವಾರ ಭಾನುವಾರ ಒಬ್ಬೊಬ್ಬರೂ ತಮ್ಮ ತಪ್ಪನ್ನು ಎಲ್ಲರೆದುರು ಒಪ್ಪಿಕೊಳ್ಳಬೇಕು ಅನ್ನೋ ನಿಯಮ ಮಾಡಿದವನೇ ನಾನಲ್ಲವಾ? ಎದ್ದು ನಿಂತು ಹೇಳಿದೆ: "ನನ್ನ ಅಜಾಗರೂಕತೆಯಿಂದ ಒಬ್ಬ ತಮ್ಮ ತನ್ನ ಅಕ್ಕನ ಮುಖ ನೋಡದೆ ಹೋದ." ಗೆಳೆಯರು ಗಂಭೀರವಾಗಿ ತಲೆಯಾಡಿಸಿದರು. ಒಬ್ಬನಾದರೂ "ಕ್ಲಚ್ ಬಿಚ್ಚಿ ನೋಡಿದ್ಯಾ?" ಅಂತ ಕೇಳಲಿಲ್ಲ. ನಾನೂ ಬಿಚ್ಚಲಿಲ್ಲ. ಬಿಚ್ಚಿದರೆ ಒಳಗೆ ನನ್ನ ಪಾದದ ಗುರುತೇ ಇದೆಯೇನೋ ಅನ್ನೋ ಹೆದರಿಕೆ. ಆರು ತಿಂಗಳು ಜೀಪು ಶೆಡ್ಡಿನಲ್ಲೇ ನಿಂತಿತು, ಸೋರುವ ಎಣ್ಣೆ ಹಿಡಿಯಲು ಅದರ ಕೆಳಗೆ ನೀನು ಇಟ್ಟಿದ್ದ ಡಬ್ಬಿಯೂ.

ಆ ಡಬ್ಬಿಯ ಬಗ್ಗೆ ಯಾರಾದರೂ ಕೇಳಿದರೆ ನೀನು ಹೇಳುತ್ತಿದ್ದದ್ದು ಒಂದೇ ಮಾತು. "ಜೀಪು ಅಂದ್ಮ್ಯಾಲೆ ಎಣ್ಣೆ ಸೋರಬೇಕ್ರೀ. ಸೋರಲಿಲ್ಲ ಅಂದ್ರೆ ಒಳಗೆ ಎಣ್ಣೆನೇ ಇಲ್ಲ ಅಂತ ಅರ್ಥ." ಊರವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ಕೇಳು. ಕಳೆದ ತಿಂಗಳು ದೊಡ್ಡಮ್ಮ ಹೇಳಿ ಕಳಿಸಿದಳು, ತಮ್ಮ ಇದ್ದ ಜಾಗವನ್ನಾದರೂ ಒಂದು ಸಲ ನೋಡಬೇಕಂತೆ. ಇನ್ನು ಹೆದರಿ ಕೂತರೆ ಆಗದು ಅಂತ ನಿನ್ನ ಜೊತೆಗಾರ ರುದ್ರಣ್ಣನನ್ನು ಕರೆದು ಗೇರ್‌ಬಾಕ್ಸ್ ಇಳಿಸಿಸಿದೆ. ಅವನು ಕ್ಲಚ್ ಪ್ಲೇಟನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಸವರಿ, ಆ ಬೆರಳನ್ನು ನನ್ನ ಮೂಗಿನ ಹತ್ತಿರ ತಂದ.

"ಏನಿದು?"

"ಎಣ್ಣೆ."

"ಕಾಲಿಟ್ಟು ಸವೆಸಿದ ಪ್ಲೇಟು ಒಣಗಿ, ತೆಳ್ಳಗಾಗಿ, ರಿವೆಟ್ಟು ಕಾಣೋ ಹಂಗೆ ಆಗಿರ್ತೈತೆ. ಇದರ ಲೈನಿಂಗ್ ನೋಡು, ಇನ್ನೂ ಎಷ್ಟು ದಪ್ಪ ಐತೆ. ಎಣ್ಣೆ ಕುಡಿದು ಜಾರಿರೋದು ಕಣಪ್ಪ ಇದು. ಇಂಜಿನ್ ಹಿಂದೆ ಎಣ್ಣೆ ತಡಿಯೋ ಸೀಲ್ ಹೋಗೈತೆ, ಈಗಿಂದಲ್ಲ, ಯಾವ ಕಾಲದಿಂದಲೋ."

"ಅಂದ್ರೆ... ನನ್ನ ಕಾಲು?"

"ನಿನ್ನ ಕಾಲಿಗೆ ಇದರಾಗೆ ಏನೂ ಕೆಲಸ ಇರಲಿಲ್ಲ ಬಿಡು. ನಿಮ್ಮ ಮಾವನ ಡಬ್ಬಿಗೆ ಇತ್ತು."

ನಾನು ಅಲ್ಲೇ ಟೈರಿನ ಮೇಲೆ ಕೂತುಬಿಟ್ಟೆ. ಎಷ್ಟು ಹಗುರವಾಯಿತು ಗೊತ್ತಾ? ಅಳು ಬರಬೇಕಿತ್ತು, ನಗು ಬಂತು. ಇಂಜಿನ್ನಿನ ಸದ್ದಿನಲ್ಲೇ ರೋಗ ಹೇಳುತ್ತಿದ್ದ ನಿನಗೆ ಆವತ್ತು ಅದು ತಿಳಿಯದೆ ಇತ್ತಾ? "ಹಂಗಾದ್ರೆ ನಾನು ಇಟ್ಟಿದ್ದೆ" ಅಂದೆಯಲ್ಲ, ಅದು ತಮಾಷೆಯಾ, ಇಲ್ಲಾ ಒಪ್ಪಿಕೊಂಡದ್ದಾ? ಇರಲಿ. ನೀನು ನಮ್ಮ ಓದುಬಳಗದ ಸದಸ್ಯ ಆಗಿರಲಿಲ್ಲ. ನಿನಗೆ ಆ ನಿಯಮ ಇಲ್ಲ.

ಆದರೆ ನನ್ನನ್ನು ನೀನು ಬಲ್ಲೆ. ಭಾರ ಇಳಿದ ಗಳಿಗೆಯಲ್ಲೇ ಗರ್ವ ಏರಿತು. ಕ್ಲಚ್ ಪ್ಲೇಟ್ ಹೊಸದು ಹಾಕೋದು ಖಚಿತ. ಪ್ಲೇಟು ಒತ್ತಿಕೊಂಡು ಕೂರುವ ಆ ದಪ್ಪ ಕಬ್ಬಿಣದ ಫ್ಲೈವೀಲಿನ ಮುಖದ ಮೇಲೂ ಎಣ್ಣೆ ಸುಟ್ಟು ಕಲೆಗಟ್ಟಿತ್ತು, ಅದನ್ನು ಲೇತಿಗೆ ಕೊಟ್ಟು ಸಪಾಟು ಮಾಡಿಸಲೇಬೇಕು. ಹೇಗೂ ಲೇತಿಗೆ ಹೋಗುತ್ತದೆ, ಹಿಂಬದಿಯಿಂದ ಚೆನ್ನಾಗಿ ಕೊರೆಸಿ ಅದರ ತೂಕ ಅರ್ಧ ಇಳಿಸಿಬಿಟ್ಟರೆ? ಮೋಟಾರು ರೇಸಿನವರು ಹಾಗೇ ಮಾಡುತ್ತಾರಂತೆ, ಕಾಲು ಒತ್ತಿದ ತಕ್ಷಣ ಇಂಜಿನ್ ಏರುತ್ತದಂತೆ. ಒಂದು ಕಿರುಹೊತ್ತಿಗೆಯಲ್ಲಿ ಓದಿದ್ದೆ. ಲೇತ್ ಅಂಗಡಿಗೆ ಹಾಗಂತ ಹೇಳಿಯೂ ಕಳಿಸಿದೆ.

ನಿಜ ಹೇಳಬೇಕೆಂದರೆ ರೇಸು ನೆಪ. ನನಗೆ ಆ ಫ್ಲೈವೀಲಿನ ಮೇಲೆ ಹಳೇ ಸಿಟ್ಟಿತ್ತು. ಭೂಸುಧಾರಣೆಯ ಮಾತು ಊರೂರಲ್ಲಿ ಓಡಾಡುತ್ತಿದ್ದ ಕಾಲದಲ್ಲಿ, ನೀನು ಇದೇ ಜೀಪಿನ ಇಂಜಿನ್ ಬಿಚ್ಚಿ ಹರಡಿಕೊಂಡು ಕೂತಿದ್ದಾಗ, ನಾನು ಭಾಷಣ ಮಾಡಿದ್ದೆನಲ್ಲ? "ನೋಡು ಮಾವ, ಪಿಸ್ಟನ್ ದುಡಿಯುತ್ತೆ, ವಾಲ್ವ್ ದುಡಿಯುತ್ತೆ. ಈ ದಪ್ಪ ತಟ್ಟೆ ಮಾತ್ರ ಯಾರದೋ ದುಡಿಮೆಯಲ್ಲಿ ಸುಮ್ಮನೆ ತಿರುಗುತ್ತೆ. ಇದು ಜಮೀನ್ದಾರ." ನೀನು ಕೈ ಒರೆಸಿಕೊಂಡು ಇಷ್ಟೇ ಅಂದೆ: "ಅದರ ಕೆಲಸ ಏನು ಅಂತ ನಿಮ್ಮವ್ವನ್ನ ಹೋಗಿ ಕೇಳು." ಓದದ ಅವ್ವನ ಹೆಸರು ಹೇಳಿ ನನ್ನನ್ನು ಹಂಗಿಸಿದೆ ಅಂದುಕೊಂಡೆ. ಕೇಳಲಿಲ್ಲ. ಆಮೇಲೆ ನೀನು ಅದನ್ನು "ನಿನ್ನ ಜಮೀನ್ದಾರ" ಅಂತಲೇ ಕರೆಯುತ್ತಿದ್ದೆ.

ಜಮೀನ್ದಾರನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಚನ್ನಗಿರಿಯ ಬಸ್ಸು ಹತ್ತಿದೆ. ತೊಡೆಯ ಮೇಲಿಟ್ಟುಕೊಂಡರೆ ಕಾಲು ಜೋಮು ಹಿಡಿಯಿತು. ಕಂಡಕ್ಟರ್ ಬಂದು ಚೀಲವನ್ನು ಬೆರಳಲ್ಲಿ ಬಡಿದ.

"ಏನ್ರೀ ಇದು, ಬೀಸೋ ಕಲ್ಲಾ?"

"ಅಲ್ಲ, ಫ್ಲೈವೀಲು."

"ಅದೇ ಬಿಡ್ರಿ, ಬೀಸೋ ಕಲ್ಲು. ಮದುವೆ ಆಗಿಲ್ಲ ಅಂತ ಕಾಣ್ತೈತೆ, ಆಗಲೇ ಕಲ್ಲು ಹೊತ್ಕಂಡು ಹೊಂಟೀರಲ್ಲ!"

ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ ಮಾವ. ಯಾಕೆಂದರೆ ಆ ಕ್ಷಣದಲ್ಲಿ ನನಗೆ ಅವ್ವ ಕಂಡಳು. ಕಾಲು ಚಾಚಿ ಕೂತು ತೊಗರಿ ಒಡೆಯುತ್ತಾಳೆ. ಗೂಟ ಹಿಡಿದ ಕೈ ತನ್ನ ಕಡೆಗೆ ಎಳೆಯುವಾಗ ಬಲ ಇರುತ್ತದೆ, ಆಚೆಗೆ ಹೋಗುವಾಗ ಇರುವುದಿಲ್ಲ. ಇನ್ನೊಂದು ಕೈಯಲ್ಲಿ ಕಾಳು ಹಾಕಲು ಬಗ್ಗಿದಾಗಂತೂ ಎಳೆತವೇ ಇರುವುದಿಲ್ಲ. ಆದರೂ ಕಲ್ಲು ನಿಲ್ಲುವುದಿಲ್ಲ. ಅವಳು ಕೊಟ್ಟ ಬಲವನ್ನು ಇಟ್ಟುಕೊಂಡಿದ್ದು, ಅವಳ ಕೈ ಸೋತ ಜಾಗದಲ್ಲಿ ಅವಳಿಗೇ ವಾಪಸ್ ಕೊಡುತ್ತದೆ. ಹಗುರದ ಕಲ್ಲಾದರೆ ಎರಡು ಕಾಳು ಅಡ್ಡ ಬಂದರೂ ಸಾಕು, ಗಕ್ಕನೆ ನಿಲ್ಲುತ್ತದೆ. ಪಿಸ್ಟನ್ನಿನದೂ ಅದೇ ಕಥೆಯಲ್ಲವಾ? ಒಂದು ಸಲ ತಳ್ಳಿ ಮೂರು ಸಲ ಸುಮ್ಮನಿರುವ ಪಿಸ್ಟನ್ನು. ಆ ಮೂರು ಸಲವೂ ಇಂಜಿನ್ ನಿಲ್ಲದ ಹಾಗೆ ತಿರುಗಿಸೋದು ನನ್ನ ಜಮೀನ್ದಾರನೇ. ನೀನು ಹಂಗಿಸಿರಲಿಲ್ಲ. ಉತ್ತರದ ವಿಳಾಸ ಕೊಟ್ಟಿದ್ದೆ. ನಾನು ಹೋಗಿರಲಿಲ್ಲ, ಅಷ್ಟೆ.

ಚನ್ನಗಿರಿಯ ಲೇತ್ ಅಂಗಡಿಯ ಸಾಬರು ಚೀಲ ಬಿಚ್ಚಿ ಫ್ಲೈವೀಲಿನ ಅಂಚನ್ನು ಉಗುರಲ್ಲಿ ತಟ್ಟಿ ಸದ್ದು ಕೇಳಿದರು. ಬಿರುಕಿಲ್ಲ ಅಂದರು. "ಮೊನ್ನೆ ಹೇಳಿ ಕಳಿಸಿದ್ರಲ್ಲ, ತೂಕ ಇಳಿಸಬೇಕು ಅಂತ. ಎಷ್ಟು ಕೊರೀಲಿ?"

ನಾನು ಖಾಲಿ ಚೀಲ ಮಡಚತೊಡಗಿದೆ. ಅವರೇ ಮುಂದುವರಿಸಿದರು. "ಕೊರಿಯಾಕೆ ನನಗೇನು ತೊಂದರೆ ಇಲ್ಲ. ಕೊರೆದದ್ದನ್ನ ಮತ್ತೆ ಅಂಟಿಸಾಕೆ ಮಾತ್ರ ನನ್ನ ಕೈಲಿ ಆಗಂಗಿಲ್ಲ. ಗಾಡಿ ಎಲ್ಲಿ ಓಡ್ತೈತೆ?"

"ಜಗಳೂರಿನಿಂದ ನ್ಯಾಮತಿಗೆ. ವಯಸ್ಸಾದವರನ್ನು ಕೂರಿಸಿಕೊಂಡು."

"ವಯಸ್ಸಾದೋರಿಗೆ ರೇಸ್ ಯಾಕ್ರೀ?"

"ಮುಖ ಮಾತ್ರ ಸಪಾಟು ಮಾಡಿ ಸಾಬ್. ತೂಕ ಹಾಗೇ ಇರಲಿ" ಅಂದೆ. ಆ ಮಾತು ಬಾಯಿಂದ ಹೊರಟ ಮೇಲೆ ಎಷ್ಟು ನೆಮ್ಮದಿ ಆಯಿತು! ಇನ್ನೊಂದು ಗಳಿಗೆಯಲ್ಲಿ ನಿನ್ನ ಜೀಪನ್ನು ನನ್ನ ಹೋಲಿಕೆಗೆ ಬಲಿ ಕೊಡುತ್ತಿದ್ದೆ. ಹಾಗಂತ ನಾನು ಸೋತೆ ಅಂದುಕೊಳ್ಳಬೇಡ. ಜಮೀನ್ದಾರರ ಬಗ್ಗೆ ನನ್ನ ಮಾತು ಒಂದಕ್ಷರವೂ ಬದಲಾಗಿಲ್ಲ. ರೈತನ ಕೈ ಸೋತಾಗ ಅವರು ಏನನ್ನು ವಾಪಸ್ ಕೊಟ್ಟಿದ್ದಾರೆ? ಹೋಲಿಕೆ ತಪ್ಪಿತ್ತು, ಅಷ್ಟೇ. ಫ್ಲೈವೀಲನ್ನು ಬೈದದ್ದು ನನ್ನ ತಪ್ಪು. ಅದನ್ನು ಭಾನುವಾರ ಎದ್ದು ನಿಂತು ಹೇಳಿದ್ದೇನೆ. ಎಡಗಾಲಿನ ಮೇಲಿನ ಆರೋಪವನ್ನೂ ಹಿಂತೆಗೆದುಕೊಂಡೆ. ಗೆಳೆಯರು ಅದಕ್ಕೂ ಅಷ್ಟೇ ಗಂಭೀರವಾಗಿ ತಲೆಯಾಡಿಸಿದರು.

ಮೊನ್ನೆ ಹೊಸ ಪ್ಲೇಟು, ಹೊಸ ಸೀಲು ಹಾಕಿಕೊಂಡು ಜಗಳೂರಿಗೆ ಹೋದೆ. ಹೊನ್ನಾಳಿಯ ಏರನ್ನು ಜೀಪು ಗಮನಿಸಲೇ ಇಲ್ಲ, ನಾನು ಮಾತ್ರ ಗಮನಿಸಿದೆ. ದೊಡ್ಡಮ್ಮನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ನಿನ್ನ ಸೀಟು. ಹಿಂದೆ ಅವಳು ಹಟ ಹಿಡಿದು ಹೇರಿಸಿದ ಎರಡು ಚೀಲ ಶೇಂಗಾ. ಊರು ಬಿಟ್ಟು ಸ್ವಲ್ಪ ದೂರದಲ್ಲೇ, ಒಂದು ದಿಬ್ಬದ ನಡುವೆ, ಕುರಿಹಿಂಡು ಇಡೀ ರಸ್ತೆ ತುಂಬಿಕೊಂಡು ನಮ್ಮ ಮುಂದೆ ನಡೆಯುತ್ತಿತ್ತು. ಕುರಿಗಳ ನಡಿಗೆಗಿಂತ ಜೋರಾಗಿ ಹೋಗುವಂತಿಲ್ಲ. ಫಸ್ಟ್ ಗೇರಿಗೆ ಹಾಕಿ ಎಡಗಾಲನ್ನು ಕ್ಲಚ್ಚಿನಿಂದ ಪೂರ್ತಿ ಎತ್ತಿ ಕೆಳಗಿಟ್ಟೆ. ಇಂಜಿನ್ ತಗ್ಗಿತು, ಇನ್ನೇನು ನಿಂತಿತು ಅನ್ನಿಸಿತು. ನಿಲ್ಲಲಿಲ್ಲ. ಒಂದೊಂದೇ ಸುತ್ತು, ಬೀಸೋ ಕಲ್ಲಿನ ಹಾಗೆ, ಗುಡುಗುಡು ಅಂತ ದಿಬ್ಬ ಹತ್ತಿತು.

"ಅವನೂ ಹಿಂಗೇ ಓಡಿಸ್ತಿದ್ನಾ?" ದೊಡ್ಡಮ್ಮ ಕೇಳಿದಳು.

"ಹಿಂಗೇ ದೊಡ್ಡಮ್ಮ. ಆದ್ರೆ ಬೈಕೊಂತ ಓಡಿಸ್ತಿದ್ದ."

"ಮತ್ತೆ ನೀನ್ಯಾಕೆ ಸುಮ್ಮನೆ ಕುಂತೀಯಾ? ಬೈಯಿ."

ಯಾರ ಮೇಲೂ ಬೈಗುಳ ಬಳಸಬಾರದು ಅಂತ ನಮ್ಮ ಓದುಬಳಗದ ಇನ್ನೊಂದು ನಿಯಮ. ಆದರೂ ತಲೆ ಹೊರಗೆ ಹಾಕಿ, ನೀನು ದಾರಿಗಡ್ಡ ಬಂದ ಎತ್ತಿನ ಗಾಡಿಗಳಿಗೆ ಕೊಡುತ್ತಿದ್ದ ಆ ದೊಡ್ಡ ಬೈಗುಳವನ್ನು, ನಿನ್ನ ರಾಗದಲ್ಲೇ, ಕುರಿಗಳ ಮೇಲೆ ಬಿಟ್ಟೆ. ಹಿಂಡು ಎರಡಾಗಿ ಸರಿಯಿತು. ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಅದೇ ಸೆರಗಿನಿಂದ ಕಣ್ಣೂ ಒರೆಸಿಕೊಂಡಳು.

"ಬಂದ ನೋಡು" ಅಂದಳು.

ನ್ಯಾಮತಿ ಮುಟ್ಟುವವರೆಗೂ ದಾರಿಯಲ್ಲಿ ಏನು ಕಂಡರೂ ಬೈಸಿದಳು, ಮಾವ.