ಇಲಿಗಳಿಗೆ ಮುಪ್ಪು ಬರಲು ಬಿಡಿ

ಸಂಶೋಧನಾಲಯದ ಮಾನ್ಯ ನಿರ್ದೇಶಕರೇ,

ನಮ್ಮ ಮನೆಯ ಕಾಯಿಲೆ ತಮ್ಮ ಇಲಿಗಳಿಗೆ ಬರಲಿಲ್ಲವಂತೆ. ಆದ್ದರಿಂದ ನಮ್ಮ ವಂಶದ ಜೀನ್‌ನಲ್ಲಿ ಸಿಕ್ಕ ದೋಷ ನಿರುಪದ್ರವಿ, ನನ್ನ ತಂಗಿಯ ರಕ್ತ ಪರೀಕ್ಷಿಸುವ ಅಗತ್ಯವಿಲ್ಲ ಎಂದು ತಾವು ತೀರ್ಪು ಕೊಟ್ಟಿದ್ದೀರಿ. ಸಂತೋಷ. ಸುದ್ದಿಯನ್ನು ಅಪ್ಪನಿಗೆ ಮುಟ್ಟಿಸಿದೆ. ಅಪ್ಪ ಒಪ್ಪಿಕೊಂಡರು. ಅವರ ಕಾಲುಗಳು ಮಾತ್ರ ಒಪ್ಪಲಿಲ್ಲ.

ಅಪ್ಪ ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್ ಆಗಿದ್ದವರು. ನಲವತ್ತು ದಾಟುತ್ತಲೇ ಅವರ ಪಾದ ಏಣಿಯ ಮೆಟ್ಟಿಲು ಸಿಗದೆ ತಡಕಾಡತೊಡಗಿತು. ಕುಡಿದು ಬಂದಿದ್ದಾರೆಂದು ಮೇಸ್ತ್ರಿ ಕೆಲಸ ಬಿಡಿಸಿದ. ಅಜ್ಜಿಗೂ ದೊಡ್ಡಪ್ಪನಿಗೂ ಅದೇ ವಯಸ್ಸಿನಲ್ಲಿ ಹೀಗೇ ಆಗಿತ್ತು, ಅವರಿಬ್ಬರೂ ಕುಡಿದವರಲ್ಲ. ಈಗ ಅಪ್ಪ ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತಾರೆ. ಅವರೇ ಬಳಿದ ಬಣ್ಣದ ಮೇಲೆ ಅವರ ಅಂಗೈಯ ಜಿಡ್ಡು ಸಾಲುಗಟ್ಟಿದೆ.

ತಮ್ಮಲ್ಲಿಯ ಸಂಶೋಧಕಿಯೊಬ್ಬರು ಅಪ್ಪನ ರಕ್ತದಲ್ಲಿ ಆ ದೋಷವನ್ನು ಪತ್ತೆಹಚ್ಚಿದರು. ಅದೇ ಜೀನ್ ಇಲಿಗೂ ಇದೆಯೆಂದು ನಮಗೆ ಬಿಡಿಸಿ ಹೇಳಿ, ಅಲ್ಲೂ ಅದೇ ದೋಷ ಉಂಟುಮಾಡಿ ಇಲಿಗಳನ್ನು ಸಾಕಿದರು. ಇಲಿಗಳು ಲವಲವಿಕೆಯಿಂದ ಓಡಾಡಿದವು. ಆರು ತಿಂಗಳಿಗೆ ಪಂಜರ ತೆರವಾಗಬೇಕೆಂಬುದು ತಮ್ಮ ನಿಯಮ. ಕೊಂದಿರಿ, ‘ರೋಗಲಕ್ಷಣವಿಲ್ಲ’ ಎಂದು ಷರಾ ಬರೆದಿರಿ. ಎರಡು ವರ್ಷ ಬಾಳುವ ಇಲಿಗೆ ಆರು ತಿಂಗಳೆಂದರೆ ಹರೆಯವಲ್ಲವೇ ಸ್ವಾಮಿ? ಹರೆಯದಲ್ಲಿ ನಮ್ಮಪ್ಪನೂ ಬಣ್ಣದ ಡಬ್ಬ ಹಿಡಿದು ಏಣಿಯನ್ನು ಓಡಿಯೇ ಹತ್ತುತ್ತಿದ್ದರು. ಅಂದೇ ಅವರ ಕತ್ತು ಹಿಚುಕಿದ್ದರೆ ಅವರಿಗೂ ಇದೇ ಷರಾ ಸಿಗುತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದವರನ್ನು ಕಂಡು ಜನ ನಗುತ್ತಾರೆ. ತಾವು ಹಿಡಿದ ಇಲಿಯನ್ನೂ ಉಳಿಸಿಕೊಳ್ಳಲಿಲ್ಲ. ಇನ್ನಷ್ಟು ದಿನ ಸಾಕುತ್ತೇನೆಂದು ಆ ಸಂಶೋಧಕಿ ಅಂಗಲಾಚಿದಾಗ, ಇದೇನು ಮುದಿ ಇಲಿಗಳ ವೃದ್ಧಾಶ್ರಮವೇ ಎಂದು ತಾವು ನಕ್ಕಿರಂತೆ. ಒಳ್ಳೆಯ ಹಾಸ್ಯಪ್ರಜ್ಞೆ. ಬೆಕ್ಕಿಗೆ ಚೆಲ್ಲಾಟ.

ತಂಗಿಗೆ ಮದುವೆಯಾಗಿದೆ, ಮಗು ಬೇಕು. ಬೇರೆ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ತಮ್ಮ ವರದಿ ಓದಿ ಕೈಚೆಲ್ಲಿದರು. ದಾರಿಯಲ್ಲಿ ಅವಳು ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: “ಇದೆ ಅಂದ್ರೆ ಇದೆ ಅನ್ಲಿ ಅಣ್ಣ, ಒಂದು ಸಲ ಅತ್ತು ಸುಮ್ನಾಗ್ತೀನಿ. ಇಲ್ಲ ಅಂದ್ರೆ ಮಗು ಮಾಡ್ಕೋತೀನಿ. ಏನೂ ಹೇಳ್ದೆ ಕೂರಿಸಿದ್ರೆ ನಾನು ಏನಂತ ಬದುಕ್ಲಿ?” ಅವಳ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ತಮ್ಮ ಬಳಿ ಉತ್ತರವಿದೆಯೇ?

ಈಗ ಅದೇ ದೋಷದ ಇಲಿಗಳಿರುವ ಇನ್ನೊಂದು ಸಾಲು ಪಂಜರಗಳಿಗೆ ಆರು ತಿಂಗಳು ತುಂಬುತ್ತಿದೆ ಎಂದು ಕೇಳಿದ್ದೇನೆ. ಆ ಇಲಿಗಳನ್ನು ಕೊಲ್ಲಬೇಡಿ. ಅವಕ್ಕೆ ಮುಪ್ಪು ಬರಲಿ, ಕಾಲೆಳೆಯುತ್ತವೋ ಇಲ್ಲವೋ ನೋಡಿ ಆಮೇಲೆ ಬರೆಯಿರಿ. ಅಲ್ಲಿಯವರೆಗೆ ಹಳೆಯ ವರದಿ ಹಿಂಪಡೆದು, ತಂಗಿಯ ರಕ್ತ ಪರೀಕ್ಷಿಸಿ, ತಿಳಿದಷ್ಟನ್ನು ಅವಳಿಗೆ ಹೇಳಿ.

ನನಗೀಗ ಮೂವತ್ತೊಂಬತ್ತು. ಇತ್ತೀಚೆಗೆ ನಾನು ಮನೆಯೊಳಗೆ ಬಂದರೆ ಅಪ್ಪ ನನ್ನ ಮುಖ ನೋಡುವುದಿಲ್ಲ, ಪಾದ ನೋಡುತ್ತಾರೆ.

ಇಂತಿ,
ತಮ್ಮ ವರದಿಯ ಪ್ರಕಾರ ಆರೋಗ್ಯವಂತನಾದ ಒಬ್ಬ ಮಗ