ಅಳಿಸಿದ ಗೆರೆಗಳು

ಚಿನ್ನೀ,

ಊಟ ಮುಚ್ಚಿಟ್ಟಿದ್ದೇನೆ. ಮೊದಲು ತಿನ್ನು, ಆಮೇಲೆ ಬೈಯುವೆಯಂತೆ.

ನಿನ್ನ ಇಂಗ್ಲಿಷ್ ಪುಸ್ತಕದ ಪೆನ್ಸಿಲ್ ಗೆರೆಗಳನ್ನೆಲ್ಲ ನಿನ್ನೆ ರಬ್ಬರಿನಲ್ಲಿ ಅಳಿಸಿದವನು ನಾನೇ. ಬಟ್ಟೆ ಹೊಲಿದಾದ ಮೇಲೆ ಸೀಮೆಸುಣ್ಣದ ಗೆರೆ ಒರೆಸಿ ಕೊಡುವ ಕೈ ಇದು. ನೀನು ‘ಆ ಪುಸ್ತಕ ಮುಗೀತು ತಾತ’ ಅಂದೆಯಲ್ಲ, ಇದೂ ಹಾಗೇ ಅಂದುಕೊಂಡೆ. ನಾಡಿದ್ದಿನ ಪರೀಕ್ಷೆಗೆ ಓದಬೇಕಾದ್ದೇ ನೀನು ಗೆರೆ ಎಳೆದ ಸಾಲುಗಳನ್ನು ಎಂದು ನಿಮ್ಮಮ್ಮ ಹೇಳಿದ ಮೇಲೇ ಗೊತ್ತಾಯಿತು.

ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲ್ ಒತ್ತಿದ ಗುರುತು ಕಾಣುತ್ತದೆ. ಬೆಳಗಿನಿಂದ ಅದರ ಮೇಲೇ ಮತ್ತೆ ಗೆರೆ ಎಳೆದು ನಲವತ್ತನೇ ಪುಟಕ್ಕೆ ಬಂದಿದ್ದೇನೆ. ಕಣ್ಣು ಸೋತಿತು, ಅಂಗಡಿಗೂ ಹೊತ್ತಾಯಿತು. ಅಲ್ಲಿಯವರೆಗೆ ಓದಿಕೊ, ಉಳಿದದ್ದನ್ನು ಸಂಜೆ ಬಂದು ಎಳೆಯುತ್ತೇನೆ.

ಸಮಾಜಶಾಸ್ತ್ರದ ಪುಸ್ತಕ ಮುಟ್ಟಿಲ್ಲ. ರಬ್ಬರನ್ನು ಮಾತ್ರ ನನ್ನ ಕೈಗೆ ಸಿಗದ ಕಡೆ ಇಟ್ಟುಕೊ.

ತಾತ